ಹನ್ನೆರಡು ಜೋಡಿ ಶೀಶೆ

ಗದಗ-ಬೆಟಗೇರಿ
6 ಜನವರಿ 2025

ಪ್ರಿಯ ಜೈಬು,

ಒಂದು ಮಾತನ್ನು ಬರೆಯದೇ ಬಿಡುವವಳಿದ್ದೆ. ಈ ಪತ್ರವನ್ನು ಮೊದಲ ಸಲ ಬರೆದಾಗ ನಿನ್ನ ನೆನಪಾಯಿತು, ಮಗಳು ರುಹಿ ಹೇಗಿದ್ದಾಳೆ, ಅತ್ತರಿನ ಅಂಗಡಿ ಹೇಗೆ ನಡೆದಿದೆ ಎಂದು ಎರಡು ಪುಟ ತುಂಬಿಸಿ, ಕೊನೆಯ ಸಾಲಿನಲ್ಲಿ 'ಅಂದಹಾಗೆ' ಎಂದು ಕೆಲಸದ ವಿಷಯ ಸೇರಿಸಿದ್ದೆ. ಓದಿ ನೋಡಿದಾಗ ನನಗೇ ನಾಚಿಕೆಯಾಯಿತು. ಅದನ್ನು ಹರಿದು ಮತ್ತೆ ಬರೆಯುತ್ತಿದ್ದೇನೆ. ಆರು ವರ್ಷದ ಮೇಲೆ ನಿನಗೆ ಬರೆಯುತ್ತಿರುವುದು ನಿನ್ನ ಮೂಗು ಬೇಕಾಗಿರುವುದರಿಂದ. ನಿನ್ನ ನೆನಪಾದದ್ದೂ ನಿಜ. ಆದರೆ ಮೂಗು ಮೊದಲು ನೆನಪಾಯಿತು, ನೀನು ಆಮೇಲೆ.

ವಿಷಯ ಹೀಗಿದೆ. ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಹಿಂದೆ ಒಂದು ಹಳೆಯ ಉಗ್ರಾಣವಿದೆ. ಮೂರು ವರ್ಷದಿಂದ ಅಲ್ಲಿ ಒಂದು ಯಂತ್ರ ಕಟ್ಟಿಕೊಂಡು ನೂಲು ತೆಗೆಯುತ್ತಿದ್ದೇನೆ. ಪಾಲಿಮರನ್ನು ಕರಗಿಸಿ ಸೂಜಿಯ ತುದಿಯಿಂದ ಬಿಡುವುದು, ಸೂಜಿಗೆ ಹದಿನೈದು ಸಾವಿರ ವೋಲ್ಟ್ ಕೊಡುವುದು. ಆಗ ಹನಿ ಕೆಳಗೆ ಬೀಳುವುದಿಲ್ಲ. ಎಳೆಯಾಗಿ ಹಾರಿ ಎದುರಿಗೆ ತಿರುಗುವ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಒಂದು ಕೂದಲಿನ ದಪ್ಪದಲ್ಲಿ ಅಂಥ ಇನ್ನೂರು ಎಳೆ ಪಕ್ಕಪಕ್ಕದಲ್ಲಿ ಹಿಡಿಸುತ್ತವೆ. ಎರಡು ತಾಸಿನಲ್ಲಿ ಡ್ರಮ್ಮಿನ ಮೇಲೆ ಬಿಳಿ ಪೊರೆಯೊಂದು ಕೂರುತ್ತದೆ. ಮೊದಲ ಸಲ ಒಳ್ಳೆಯ ಪೊರೆ ಬಂದ ದಿನ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ, ವಿಭಾಗದ ಕಸ ಗುಡಿಸುವ ಮರಿಯವ್ವ ಅದನ್ನು ಕಸಬರಿಗೆಯಿಂದ ಒರೆಸಿ ತೆಗೆದಿದ್ದಳು. "ಮೇಡಮ್ಮಾರ, ಎಷ್ಟ ದಿನದ್ದರೀ ಆ ಜ್ಯಾಡರ ಬಲಿ! ಕಲತಾವ್ರು ಇದ್ದೀರಿ, ಒಂದ ದಿನಾನೂ ಕಣ್ಣಿಗೆ ಬೀಳಂಗಿಲ್ಲೇನು?" ಎಂದು ನನಗೇ ಕೇಳಿದಳು. ಅಂದಿನಿಂದ ಡ್ರಮ್ಮಿಗೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ.

ಈ ಪೊರೆ ಮಾಡಬೇಕಾದ ಕೆಲಸ, ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವ ಅಣುಗಳನ್ನು ಬೇರೆ ಬೇರೆ ಮಾಡುವುದು. ನಮ್ಮ ಎಡಗೈ, ಬಲಗೈ ನೋಡು. ಅದೇ ಐದು ಬೆರಳು, ಅದೇ ಅಳತೆ. ಆದರೂ ಒಂದರ ಕೈಗವಸು ಇನ್ನೊಂದಕ್ಕೆ ಆಗುವುದಿಲ್ಲ. ಎಷ್ಟೋ ಔಷಧಗಳು ಹೀಗೆ ಎರಡು ಕೈಯವು. ಒಂದು ಕೈಯದು ಕೆಲಸ ಮಾಡುತ್ತದೆ, ಇನ್ನೊಂದು ಸುಮ್ಮನಿರುತ್ತದೆ, ಕೆಲವು ಸಲ ಕೇಡು ಮಾಡುತ್ತದೆ. ತೂಕ ಒಂದೇ, ಕುದಿಯುವ ಬಿಸಿಯೂ ಒಂದೇ, ಹಾಗಾಗಿ ಬೇರೆ ಮಾಡುವುದು ಕಷ್ಟ. ನನ್ನ ಎಳೆಯೊಳಗೆ ಸಕ್ಕರೆಯ ಜಾತಿಯ ಸಣ್ಣ ಉಂಗುರಗಳನ್ನು ಕೂಡಿಸಿದ್ದೇನೆ. ಅವು ಒಂದು ಕೈಯ ಗವಸಿನ ಹಾಗೆ. ತಮಗೆ ಒಪ್ಪುವುದನ್ನು ಆಚೆ ದಾಟಿಸಿ ಇನ್ನೊಂದನ್ನು ಈಚೆಯೇ ಉಳಿಸಬೇಕು. ಉಳಿಸುತ್ತವೆಯೋ ಇಲ್ಲವೋ ಅಳೆದು ಹೇಳುವ ಯಂತ್ರ ಧಾರವಾಡದಲ್ಲಿದೆ. ನನ್ನ ಸರದಿ ಜೂನಿನಲ್ಲಿ. ಉಗ್ರಾಣ ಮಾತ್ರ ಮಾರ್ಚ್ ಮುಗಿಯುತ್ತಲೇ ಕಾಲೇಜಿಗೆ ಉತ್ತರಪತ್ರಿಕೆ ಇಡಲು ಬೇಕಂತೆ.

ಆಗ ಕಾರ್ವೋನ್ ಎಂಬ ಸುಗಂಧದ್ರವ್ಯ ಹೊಳೆಯಿತು. ಅದರ ಒಂದು ಕೈ ಪುದೀನಾದ ವಾಸನೆ, ಇನ್ನೊಂದು ಕೈ ಸಬ್ಬಸಿಗೆ ಬೀಜದ ವಾಸನೆ. ಎರಡನ್ನೂ ಸಮ ಕೂಡಿಸಿ ಪೊರೆಗೆ ಹಾಕಿದರೆ ಆಚೆ ಏನಿದೆ, ಈಚೆ ಏನಿದೆ ಎಂದು ಮೂಗೇ ಹೇಳಬಲ್ಲದು. ನನ್ನ ಮೂಗು ನಡೆಯದು. ದಿನವಿಡೀ ಅದರಲ್ಲೇ ಇರುತ್ತೇನೆ, ಮೇಲಾಗಿ ಉತ್ತರ ಏನು ಬರಬೇಕೆಂದು ನನಗೆ ಗೊತ್ತು.

ಎಂಟನೆಯ ತರಗತಿಯಲ್ಲಿ ನೀನು ಮುಚ್ಚಿದ ಊಟದ ಡಬ್ಬಿ ಮೂಸಿ ಯಾರ ಮನೆಯದೆಂದು ಹೇಳುತ್ತಿದ್ದೆ. ನನ್ನ ಡಬ್ಬಿಗೆ "ಇದು ವಿದ್ಯಾಂದು, ಇವರ ಮನ್ಯಾಗ ಒಗ್ಗರಣಿ ಹೊತ್ತತೈತಿ" ಎಂದದ್ದು ನೆನಪಿದೆ. ಶೀಶೆಗಳ ಒಂದು ಪೆಟ್ಟಿಗೆ ಕಳಿಸಿದರೆ, ಅಂಗಡಿಯ ಕೆಲಸದ ನಡುವೆ ಮೂಸಿ ನೋಡಿಕೊಡುತ್ತೀಯಾ?

ನಿನ್ನ,
ವಿದ್ಯಾಶ್ರೀ


ಲಕ್ಷ್ಮೇಶ್ವರ
14 ಜನವರಿ 2025

ವಿದ್ಯಾ ಲೇ,

ಆರು ವರ್ಷಕ್ಕೊಮ್ಮೆ ಪತ್ರಾ ಬರದು, ಅದರಾಗೂ ಮೂಗು ಮೊದಲ, ನೀ ಆಮ್ಯಾಲೆ ಅಂತ ಬರೀತಿ. ಭಾಳ ಚಲೋ ಆತು. ಮುಂದ ಕಿವಿ ಬೇಕಾದ್ರೂ ತಿಳಸು, ಎರಡ ಅದಾವ. ರುಹಿ ಓದಿ, "ಅಮ್ಮೀ, ನಿನ್ನ ಗೆಳತಿ ಖರೆ ಮಾತಾಡೂ ಹೆಂಗಸು" ಅಂದ್ಲು. ಆಕಿಗೆ ನಿನ್ನ ಗುಣಾ ಗೊತ್ತಿಲ್ಲಲಾ, ಅದಕ್ಕ ಅಂದಾಳ.

ನಾ ಮಾತಾಡಿದಂಗ ಬರೀತೇನಿ, ನಿನ್ನಂಗ ಪುಸ್ತಕದ ಕನ್ನಡ ನನ್ನ ಕಡಿಂದ ಆಗಂಗಿಲ್ಲ. ಇಬ್ಬರೂ ಕಲತದ್ದು ಅದ ಬೆಟಗೇರಿ ಇಂಗ್ಲಿಷ್ ಸಾಲ್ಯಾಗ. ನಿನಗೆಲ್ಲಿಂದ ಬಂತೋ ಈ ಕನ್ನಡ.

ಖಬರ ಅಂದ್ರ ರುಹಿ ಲಗ್ನ ಗೊತ್ತಾಗೈತಿ. ಏಪ್ರಿಲ್ 13, ಈದ್ ಆಗಿ ಎರಡ ವಾರಕ್ಕ. ಹುಡುಗ ಅಯ್ಯೂಬ, ಮುಂಡರಗಿಯಾಂವ, ಹಿರೇವಡ್ಡಟ್ಟಿ ಸಾಲಿ ಮಾಸ್ತರ. ನೋಡಾಕ ಬಂದಾಗ ನಮ್ಮ ಗುಲಾಬಿ ಅತ್ತರ ಹಚ್ಚಿದೆ, ಏಳು ಸಲ ಸೀನಿದ. ರುಹಿ ಅಲ್ಲೇ ಒಪ್ಪಿದ್ಲು, "ಇಂಥಾಂವಗ ಸುಳ್ಳ ಹೇಳಾಕ ಬರಂಗಿಲ್ಲ" ಅಂತ.

ನಮ್ಮ ಮನಿ ರೂಢಿ ನಿನಗ ಗೊತ್ತಿರಬೇಕು. ಮಗಳ ಲಗ್ನಕ್ಕ ಆಕಿದ ಅಂತ ಒಂದ ಹೊಸ ಅತ್ತರ ಕೂಡಸಬೇಕು. ಆ ಶೀಶಿ ಆಕಿ ಕೂಡ ಹೋಗತೈತಿ, ಅಂಗಡ್ಯಾಗ ಎಂದೂ ಮಾರೂ ಹಂಗಿಲ್ಲ. ನಂದು ಅಬ್ಬಾ ಮಾಡಿದ್ರು. ಅಬ್ಬಾ ಲಾಡಸಾಬನ ಮೂಗು ಅಂದ್ರ ಹುಬ್ಬಳ್ಳಿ ಮಟಾ ಹೆಸರು. ರುಹಿದು ನಾ ಮಾಡಬೇಕು. ಇನ್ನೂ ಕೈ ಹಚ್ಚಿಲ್ಲ. ಟೈಮ್ ಐತಿ.

ಮೊದಲ ನಿನ್ನ ಪೆಟಿಗಿ ಕಳಸು. ಅದನ್ನ ನೋಡೇನ ಆಮ್ಯಾಲೆ ರುಹಿದು ಶುರು ಮಾಡತೇನಿ.

ಜೈಬು


ಗದಗ-ಬೆಟಗೇರಿ
20 ಜನವರಿ 2025

ಪ್ರಿಯ ಜೈಬು,

ಪೆಟ್ಟಿಗೆಯನ್ನು ಶಿರಹಟ್ಟಿ ಮೇಲೆ ಬರುವ ಬಸ್ಸಿನ ಕಂಡಕ್ಟರ್ ಮೂಕಪ್ಪನ ಕೈಯಲ್ಲಿ ಕೊಟ್ಟಿದ್ದೇನೆ. ಒಳಗೇನು ಎಂದು ಕೇಳಿದ. ಪುದೀನಾ ಮತ್ತು ಸಬ್ಬಸಿಗೆ ಎಂದೆ. "ಲಕ್ಷ್ಮೇಶ್ವರದ ಸಂತ್ಯಾಗ ಅವು ಸಿಗಂಗಿಲ್ಲೇನ್ರಿ?" ಎಂದು ಅನುಮಾನದಿಂದ ನೋಡಿ ತನ್ನ ಸೀಟಿನ ಕೆಳಗೆ ಇಟ್ಟುಕೊಂಡ.

ಒಳಗೆ ಹನ್ನೆರಡು ಮರದ ತುಂಡುಗಳಿವೆ. ಪ್ರತಿ ತುಂಡಿನ ಮೇಲೆ ಒಂದು ಅಂಕಿ, ಎರಡು ತೂತು, ತೂತಿಗೊಂದು ಶೀಶೆ. ಶೀಶೆಗೆ ಯಾವ ಗುರುತನ್ನೂ ಹಾಕಿಲ್ಲ, ಗುರುತಿದ್ದರೆ ಮನಸ್ಸು ಅದನ್ನೇ ಮೂಸುತ್ತದೆ. ಪೊರೆ ದಾಟಿದ್ದು ಎಡಕ್ಕೋ, ಈಚೆ ಉಳಿದದ್ದು ಎಡಕ್ಕೋ ಎಂದು ನಾಣ್ಯ ಚಿಮ್ಮಿ ಇಟ್ಟು ನನ್ನ ವಹಿಯಲ್ಲಿ ಬರೆದುಕೊಂಡಿದ್ದೇನೆ. ನೀನು ಮಾಡಬೇಕಾದದ್ದು ಇಷ್ಟೇ: ಪ್ರತಿ ಜೋಡಿಯಲ್ಲಿ ಸಬ್ಬಸಿಗೆ ಯಾವುದರಲ್ಲಿ ಹೆಚ್ಚು, ಎಡವೋ ಬಲವೋ? ಅಂಕಿಯ ಮುಂದೆ ಒಂದೇ ಪದ ಬರೆ.

ಒಂದು ಕೋರಿಕೆ. ಇದು ಮುಗಿಯುವವರೆಗೆ ಫೋನ್ ಮಾಡಬೇಡ, ನಾನೂ ಮಾಡುವುದಿಲ್ಲ. ನನ್ನ ಧ್ವನಿ ಉತ್ತರ ಹೇಳಿಬಿಡುತ್ತದೆ ಎಂದು ವಿದ್ಯಾರ್ಥಿಗಳು ನಗುತ್ತಾರೆ. ಮೌಖಿಕ ಪರೀಕ್ಷೆಯಲ್ಲಿ ನನ್ನ 'ಹ್ಞೂಂ' ಕೇಳಿಯೇ ಉತ್ತರ ಬದಲಿಸುತ್ತಾರಂತೆ. ಕಾಗದದ ಮೇಲೆ ನಾನು ಸ್ವಲ್ಪ ವಾಸಿ.

ಈಗಿನ ಒಣಗಾಳಿ ನೂಲಿಗೆ ಒಳ್ಳೆಯದು. ಡಿಸೆಂಬರಿನಲ್ಲಿ ಎರಡು ದಿನ ಮೋಡ ಮುಸುಕಿದಾಗ ಎಳೆಯ ತುಂಬ ಗಂಟು ಬಿದ್ದಿದ್ದವು.

ರುಹಿಗೆ ಶುಭಾಶಯ. ಏಳು ಸಲ ಸೀನಿದ ಹುಡುಗನಿಗೂ.

ವಿದ್ಯಾಶ್ರೀ


ಲಕ್ಷ್ಮೇಶ್ವರ
27 ಜನವರಿ 2025

ವಿದ್ಯಾ,

ಪೆಟಿಗಿ ಸುರಕ್ಷಿತ ಬಂತು. ಮೂಕಪ್ಪ ತಾನ ಅಂಗಡಿ ಮಟಾ ತಂದ ಕೊಟ್ಟು, "ಅಕ್ಕಾರ, ಸೊಪ್ಪು ಅಂದ್ರು, ಅಲಗಾಡಿಸಿದ್ರ ನೀರಿನ ಸಪ್ಪಳ ಬರತೈತಿ" ಅಂತ ನಿಂತಾ. ತೆಗೆದು ತೋರಿಸಿದ ಮ್ಯಾಲೇನ ಹೋದಾ.

ನಾಕ ದಿನ, ದಿನಕ್ಕ ಮೂರ ಜೋಡಿ. ಮುಂಜಾನೆ ಅಂಗಡಿ ತಗ್ಯೂಕಿಂತ ಮೊದಲ, ಚಾ ಕುಡಿಯೂಕಿಂತ ಮೊದಲ. ಅಬ್ಬಾನ ಗಾದಿ ಮ್ಯಾಲೆ ಕುಂತು, ಕಟ್ಟಿಗಿ ತುಂಡು ಮ್ಯಾಜಿನ ಮ್ಯಾಲೆ ನಮ್ಮ ಅಂಗಡಿ ಪದ್ಧತಿಲೆ ಇಟಗೊಂಡು ನೋಡೇನಿ. ಅವಸರ ಮಾಡಿಲ್ಲ.

1 ಎಡ. 2 ಎಡ. 3 ಬಲ. 4 ಎಡ. 5 ಎರಡೂ ಒಂದ. 6 ಬಲ. 7 ಬಲ, ಆದ್ರ ಫರಕು ಭಾಳ ಕಡಿಮಿ. 8 ಎಡ. 9 ಬಲ. 10 ಎರಡೂ ಒಂದ, ನನ್ನ ಪರೀಕ್ಷಾ ಮಾಡತೀ ಏನ? 11 ಎಡ. 12 ಬಲ.

ಶಿಗ್ಲಿ ಪುಂಡಲೀಕಪ್ಪ, ವಾರಕ್ಕೊಮ್ಮೆ ಬಂದು ಅರ್ಧ ತಾಸು ಕುಂತು ಒಂದ ಊದಿನಕಡ್ಡಿ ಕಟ್ಟು ಒಯ್ಯಾಂವ, ಹನ್ನೊಂದನೇದು ಮೂಸಿ "ಹೊಸ ಅತ್ತರೇನವ್ವಾ? ಪಲ್ಲೆದಂಗ ಬಡೀತೈತಲ್ಲ" ಅಂದ. ಅಂವಂದು ಲೆಕ್ಕಕ್ಕ ಹಿಡೀಬ್ಯಾಡ.

ಹೆಂಗಾತು, ಸರಿ ಬಂತೋ ಇಲ್ಲೋ, ಜಲ್ದಿ ಬರಿ. ಜಲ್ದಿ ಅಂದ್ರ ಜಲ್ದಿ.

ಜೈಬು


ಗದಗ-ಬೆಟಗೇರಿ
5 ಫೆಬ್ರವರಿ 2025

ಪ್ರಿಯ ಜೈಬು,

ನಿನ್ನ ಉತ್ತರಗಳು ತಲುಪಿದವು. ತುಂಬ ಉಪಯೋಗವಾಯಿತು. ಇಷ್ಟು ಶ್ರದ್ಧೆಯಿಂದ ಯಾರೂ ಮಾಡಿಕೊಡುತ್ತಿರಲಿಲ್ಲ. ಎರಡನೆಯ ಪೆಟ್ಟಿಗೆಯೊಂದನ್ನು ಕಳಿಸಬೇಕೆಂದಿದ್ದೆ, ಸದ್ಯಕ್ಕೆ ಬೇಡವೆಂದುಕೊಂಡಿದ್ದೇನೆ. ಲಗ್ನದ ಓಡಾಟದಲ್ಲಿ ನಿನಗೆ ತೊಂದರೆ ಬೇಡ. ಧಾರವಾಡದ ಯಂತ್ರದ ಸರದಿ ಬೇಗ ಬಂದರೂ ಬರಬಹುದು.

ಇಲ್ಲಿ ಎಲ್ಲ ಕ್ಷೇಮ. ಬಿಸಿಲು ಏರುತ್ತಿದೆ.

ವಿದ್ಯಾಶ್ರೀ


ಲಕ್ಷ್ಮೇಶ್ವರ
10 ಫೆಬ್ರವರಿ 2025

ವಿದ್ಯಾಶ್ರೀ,

ನಿನ್ನ ಪತ್ರಾ ನಾಕ ಸಲ ಓದಿದೆ. ಅದರಾಗ ಸರಿ ಅನ್ನೂ ಮಾತಿಲ್ಲ, ತಪ್ಪು ಅನ್ನೂ ಮಾತೂ ಇಲ್ಲ. ಬಿಸಿಲು ಏರಾಕ ಹತ್ತೈತಿ ಅಂತ ಐತಿ. ಅದು ನನಗೂ ಗೊತ್ತೈತಿ, ನಲವತ್ತ ಕಿಲೋಮೀಟರ ದೂರ ಅದೇನಿ ಅಷ್ಟ.

ಸಾಲ್ಯಾಗೂ ನೀ ಹಿಂಗ. ನನ್ನ ಪ್ರಬಂಧ ಚಲೋ ಇಲ್ಲದಾಗ "ಅಕ್ಷರ ಭಾಳ ದುಂಡಗ ಅದಾವ" ಅಂತಿದ್ದಿ.

ಈಗ ನಾ ಒಂದ ಮಾತ ಹೇಳತೇನಿ, ಯಾರ ಮುಂದೂ ಹೇಳಿಲ್ಲ. ನಾಕ ವರ್ಷದ ಹಿಂದ ಆ ಜ್ವರಾ ಬಂತಲ್ಲ, ಊರಿಗೆಲ್ಲಾ ಬಂದಿದ್ದು. ಉಳಿದಾವರಿಗೆ ಹದಿನೈದ ದಿನಕ್ಕ ಮೂಗು ತಿರುಗಿ ಬಂತು. ನನಗ ಹನ್ನೊಂದ ತಿಂಗಳ ಏನೂ ಇಲ್ಲ. ಗುಲಾಬಿ ಇಲ್ಲ, ಖಸ್ ಬೇರಿಲ್ಲ, ಮಣ್ಣೂ ಇಲ್ಲ. ಅಬ್ಬಾನ ವಹಿ ಎದುರಿಗಿಟಗೊಂಡು ಹನಿ ಎಣಿಸಿ ಕೂಡಿಸಿ ಮಾರೇನಿ. ಗಿರಾಕಿ ಮೂಸಿ "ವ್ಹಾ" ಅಂದಾಗ ಅವರ ಮಾರಿ ನೋಡಿ ಸರಿ ಆಗೇತಿ ಅಂತ ತಿಳಕೊಂಡೇನಿ. ಆಮ್ಯಾಲೆ ಸಾವಕಾಶ ವಾಸನಿ ಬರಾಕ ಹತ್ತಿತು. ಬಂದದ್ದು ಖರೇನೋ, ಹಳೇ ನೆನಪ ಮೂಗಿನಾಗ ಆಡತೈತೋ, ನನಗ ತಿಳೀವಲ್ದು. ವಹಿ ನೋಡಿ ಹಳೇದು ಕೂಡಸಬಹುದು. ರುಹಿದು ಹೊಸಾದು. ಅದಕ್ಕ ವಹಿ ಇಲ್ಲ, ಮೂಗ ಬೇಕು.

ನಿನ್ನ ಮೊದಲನೇ ಪತ್ರಾ ಬಂದಾಗ ಅಲ್ಲಾನ ಕಳಸ್ಯಾನ ಅಂದ್ಕೊಂಡೆ. ನನ್ನ ಮೂಗನ್ನ ನಾನ ಪರೀಕ್ಷಾ ಮಾಡೂ ಹಂಗಿಲ್ಲ, ಗಿರಾಕಿನ್ನ ಕೇಳೂ ಹಂಗಿಲ್ಲ. ನಿನ್ನ ಹಂತ್ಯಾಕ ಉತ್ತರಾ ಇದ್ದುವು.

ಹನ್ನೆರಡರಾಗ ಎಷ್ಟ ಸರಿ? ಅಂಕಿ ಬರಿ. ದುಂಡನ ಅಕ್ಷರ ಬ್ಯಾಡ. ಮೂಗು ಹೋಗಿದ್ರ ಹೋಗೇತಿ, ರುಹಿಗೆ ಅಬ್ಬಾನ ಹಳೇ ಶೀಶಿ ಒಂದ ಕೊಟ್ಟು ಕಳಸತೇನಿ. ಆದ್ರ ತಿಳಿದು ಕೊಡತೇನಿ.

ಜೈಬುನ್ನೀಸಾ


ಗದಗ-ಬೆಟಗೇರಿ
15 ಫೆಬ್ರವರಿ 2025

ಜೈಬು,

ನೀನು ಕೇಳಿದ ಅಂಕಿ: ಹನ್ನೆರಡರಲ್ಲಿ ಎರಡು ಸರಿ.

ಪೂರ್ತಿ ಹೇಳುತ್ತೇನೆ. ಪೊರೆಯಿಂದ ಬಂದ ಜೋಡಿಗಳು ಎಂಟು. 5 ಮತ್ತು 10ರಲ್ಲಿ ಬೇಕೆಂದೇ ಎರಡೂ ಶೀಶೆಗೆ ಒಂದೇ ದ್ರವ ಹಾಕಿದ್ದೆ. 3 ಮತ್ತು 8 ಪೊರೆಯನ್ನು ಕಂಡೇ ಇಲ್ಲ. ಅವು ಪೇಟೆಯಿಂದ ತಂದ ಶುದ್ಧ ಪುದೀನಾ ಎಣ್ಣೆ, ಶುದ್ಧ ಸಬ್ಬಸಿಗೆ ಎಣ್ಣೆ. ನಿನ್ನ ಉತ್ತರಗಳಲ್ಲಿ ಪೊರೆಯ ಎಂಟೂ ತಪ್ಪಾಗಿದ್ದವು. ಅಷ್ಟೇ ಆಗಿದ್ದರೆ ಪೊರೆಯೇ ನಾನು ಎಣಿಸಿದ್ದಕ್ಕೆ ವಿರುದ್ಧವಾಗಿ ದಾಟಿಸುತ್ತಿದೆ ಎನ್ನುತ್ತಿದ್ದೆ. ಆದರೆ 3 ಮತ್ತು 8 ಕೂಡ ತಪ್ಪು. ಪುದೀನಾಕ್ಕೂ ಸಬ್ಬಸಿಗೆಗೂ ಮೂರು ವರ್ಷದ ಮಗು ಕೂಡ ವ್ಯತ್ಯಾಸ ಹೇಳುತ್ತದೆ. ಜೈಬುವಿನ ಮೂಗು ಹೋಗಿದೆ ಎಂದುಕೊಂಡೆ. ಹೇಳುವ ಧೈರ್ಯವಾಗಲಿಲ್ಲ. ಬಿಸಿಲಿನ ಬಗ್ಗೆ ಬರೆದೆ.

ಇನ್ನೊಂದನ್ನೂ ಹೇಳಬೇಕು. ಆ ಪತ್ರವನ್ನು ಅಂಚೆಗೆ ಹಾಕಿದ ದಿನವೇ ಶಿರಹಟ್ಟಿಯ ಇಲಿಯಾಸರಿಗೆ, ಆ ಸುಗಂಧದ ಎಣ್ಣೆಯ ಅಂಗಡಿಯವರಿಗೆ, ಇನ್ನೊಂದು ಪೆಟ್ಟಿಗೆ ನೋಡಿಕೊಡುತ್ತೀರಾ ಎಂದು ಕೇಳಿದೆ. ನಿನಗೆ ತೊಂದರೆ ಬೇಡ ಎಂದು ಬರೆದ ಕೈಯಿಂದಲೇ. ಅದು ದಯೆ ಎಂದು ಹತ್ತು ದಿನ ನಂಬಿಕೊಂಡಿದ್ದೆ. ನಿನ್ನ ಪತ್ರ ಓದಿದ ಮೇಲೆ ಅನಿಸುತ್ತಿದೆ, ನಾನು ಕಾಪಾಡಿಕೊಂಡದ್ದು ನನ್ನನ್ನೇ. ಕೆಟ್ಟ ಸುದ್ದಿ ಹೇಳುವ ಕೆಲಸ ನನಗೆ ಬೇಡವಾಗಿತ್ತು.

ಇಲ್ಲಿ ಪೆನ್ನು ಕೆಳಗಿಟ್ಟು ವಹಿಯನ್ನು ಮತ್ತೆ ತೆಗೆದೆ. ಈಗ ಎರಡು ತಾಸಾಗಿದೆ. ಮೇಲೆ ಬರೆದದ್ದನ್ನು ಹೊಡೆದು ಹಾಕುವುದಿಲ್ಲ, ನೀನು ಓದಬೇಕಾದದ್ದೇ ಅದು. ಆದರೆ ಇದನ್ನು ನಿಧಾನವಾಗಿ ಓದು.

ಮೂಗು ಹೋದವರು ಊಹಿಸುತ್ತಾರೆ. ಊಹಿಸಿದರೆ ಹತ್ತರಲ್ಲಿ ಐದು ಸರಿ, ನಾಲ್ಕು ಸರಿ, ಆರು ಸರಿ ಬರುತ್ತವೆ. ಹತ್ತಕ್ಕೆ ಹತ್ತೂ ತಪ್ಪಾಗಲು ಸಾವಿರ ಸಲದಲ್ಲಿ ಒಂದು ಸಲ ಸಾಧ್ಯ. ಪ್ರತಿ ಸಲವೂ ತಪ್ಪಬೇಕಾದರೆ ಸರಿ ಯಾವುದೆಂದು ತಿಳಿದಿರಲೇಬೇಕು! ಒಂದೇ ದ್ರವ ಇದ್ದ ಎರಡು ಜೋಡಿಗಳನ್ನೂ ನೀನು ಹಿಡಿದಿದ್ದೀಯ. 7ರಲ್ಲಿ ಫರಕು ಕಡಿಮೆ ಎಂದಿದ್ದೀಯ. ಅದು ಡಿಸೆಂಬರಿನ ಮೋಡದ ದಿನದ ಗಂಟುಬಿದ್ದ ಪೊರೆ. ಏಳನೆಯದು ಆ ಪೊರೆಯದೆಂದು ನನಗೂ ವಹಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಇದೇ ಲೆಕ್ಕ ಕಲಿಸುತ್ತಿದ್ದೇನೆ. ಗೆಳತಿಯ ವಿಷಯಕ್ಕೆ ಬಂದಾಗ ಮಾಡಲಿಲ್ಲ. ಮರುಕ ಮೊದಲು ಬಂದುಬಿಟ್ಟಿತು.

ಎಲ್ಲೋ ಎಡ ಬಲ ಅದಲುಬದಲಾಗಿದೆ. ನಾನು ವಹಿಯನ್ನು ಮೂರು ಸಲ ನೋಡಿದೆ, ತಪ್ಪು ಸಿಗಲಿಲ್ಲ. ಆ ಮರದ ತುಂಡುಗಳು ನಿನ್ನ ಹತ್ತಿರವೇ ಇವೆಯಲ್ಲ? ಅವತ್ತು ಇಟ್ಟ ಹಾಗೆಯೇ ಒಂದನ್ನು ಮೇಜಿನ ಮೇಲೆ ಇಡು. ನೀನು ಎಲ್ಲಿ ಕೂತಿದ್ದೆ, ತುಂಡು ಯಾವ ಮುಖವಾಗಿತ್ತು, ನೋಡಿ ಬರೆ.

ಇದು ನಿನ್ನನ್ನು ಸಮಾಧಾನಪಡಿಸಲು ಬರೆದದ್ದಲ್ಲ. ಈಗ ನನ್ನ ಮಾತನ್ನು ನಂಬುವುದು ಕಷ್ಟ, ಗೊತ್ತು. ಲೆಕ್ಕವನ್ನು ನಂಬು.

ವಿದ್ಯಾ


ಲಕ್ಷ್ಮೇಶ್ವರ
20 ಫೆಬ್ರವರಿ 2025

ವಿದ್ಯಾ ಲೇ, ಹುಚ್ಚಿ,

ಮೊದಲನೇ ಪುಟ ಓದಿ ಅಂಗಡಿ ಅರ್ಧ ಮುಚ್ಚಿದೆ. ಎರಡನೇ ಪುಟ ಓದಿ ಮತ್ತ ತಗದೆ. ಪುಂಡಲೀಕಪ್ಪ ಹೊರಗ ನಿಂತು "ಏನವ್ವಾ, ಅಂಗಡಿ ಐತೋ ಇಲ್ಲೋ, ಒಂದ ಸಲ ಹೇಳ್ರಿ" ಅಂತ ಒದರಾಕ ಹತ್ತಿದ್ದ. ಒಳಗ ಕರದು ಕುಂಡ್ರಿಸಿದೆ. ಗಾದಿ ಮ್ಯಾಲೆ ನಾ, ಎದುರಿಗೆ ಗಿರಾಕಿ ಖುರ್ಚಿ ಮ್ಯಾಲೆ ಅಂವಾ. ನಾಕನೇ ನಂಬರ ಕಟ್ಟಿಗಿ ತಗೊಂಡು ಮ್ಯಾಜಿನ ಮ್ಯಾಲೆ ಇಟ್ಟೆ, ದಿನಾ ಇಟ್ಟಂಗ.

"ಪುಂಡಲೀಕಪ್ಪಾ, ಇದರ ಮ್ಯಾಲೆ ಏನ ಬರದೈತಿ?"

"ನಾಕು. ಯಾಕ, ನಿಮಗ ಕಾಣಂಗಿಲ್ಲೇನು?"

"ಕಾಣತೈತಿ. ತಲಿಕೆಳಗ ಕಾಣತೈತಿ."

"ಹಂಗಾರ ತಿರಿವಿ ಇಟ್ಟೀರಿ."

"ತಿರಿವಿ ಯಾಕ ಇಡ್ಲಿ? ನಿಮ್ಮ ಕಡೆ ಮಾರಿ ಮಾಡಿ ಇಟ್ಟೇನಿ. ಅಂಗಡ್ಯಾಗ ಎಲ್ಲಾ ನಿಮ್ಮ ಕಡೇನ ಇರತೈತಿ."

ಅಂದೆ, ಅಂದು ಅಲ್ಲೇ ಬಾಯಿ ಮ್ಯಾಲೆ ಕೈ ಇಟ್ಟೆ.

ತಿಳೀತೇನ? ಅತ್ತರದ ಅಂಗಡ್ಯಾಗ ಶೀಶಿ ಹೆಸರು ಗಿರಾಕಿ ಕಡೆ. ನಾವು ಹಿಂದ ಕುಂತು ತಲಿಕೆಳಗ ಓದತೇವಿ. "ಹೆಸರು ಗಿರಾಕಿಗೆ, ವಾಸನಿ ನಮಗ" ಅಂತಿದ್ರು ಅಬ್ಬಾ. ಆರ ವರ್ಷದಾಕಿ ಇದ್ದಾಗಿಂದ ಹಂಗ ಇಟ್ಟೇನಿ, ಕೈ ತಾನ ಇಡತೈತಿ. ಖುರ್ಚಿ ಖಾಲಿ ಇದ್ದರೂ ನಿನ್ನ ಹನ್ನೆರಡೂ ಅಂಕಿ ಖುರ್ಚಿ ಕಡೇನ ನೋಡತಿದ್ದುವು. ನಾ ಬರದದ್ದು ನನ್ನ ಎಡಗೈ. ನಿನ್ನ ವಹ್ಯಾಗ ಅಂಕಿ ಓದಾವರ ಎಡಗೈ. ನಿನ್ನ ಅಣುಗಳಂಗ ನಾವೂ ಎದುರುಬದುರು.

ನಗೂದು ತಡೀಲಿಲ್ಲ. ಆಮ್ಯಾಲೆ ಅಳೂದೂ ತಡೀಲಿಲ್ಲ. ಪುಂಡಲೀಕಪ್ಪ ಅಂಜಿ "ರುಹೀ, ರುಹೀ, ನಿಮ್ಮವ್ವಗ ಏನೋ ಆಗೇತಿ" ಅಂತ ಕೂಗಿದ. ರುಹಿ ಬಂದ್ಲು. ಆಕಿ ಮುಂದ ಹನ್ನೊಂದ ತಿಂಗಳದ್ದು ಎಲ್ಲಾ ಹೇಳಿದೆ. ಆಕಿ ಏನ ಅಂದ್ಲು ಗೊತ್ತೇನ? "ನನಗ ಆವಾಗ ಗೊತ್ತಿತ್ತು ಅಮ್ಮೀ. ಒಲಿ ಮ್ಯಾಲೆ ಹಾಲು ಹೊತ್ತಿ ಕರ್ರಗ ಆದ್ರೂ ನೀ ಪಕ್ಕದಾಗ ಕುಂತು ಬಳ್ಳೊಳ್ಳಿ ಬಿಡಸಾಕ ಹತ್ತಿದ್ದಿ. ನೀ ಹೇಳಲಿಲ್ಲ, ನಾನೂ ಕೇಳಲಿಲ್ಲ." ನಾಕ ವರ್ಷ! ಒಂದ ಮನ್ಯಾಗ ಇಬ್ಬರೂ ಒಬ್ಬರಿಗೊಬ್ಬರು ತಿಳೀಬಾರದು ಅಂತ ದುಡದೇವಿ. ನಿನಗ ಬೈಯೂ ಹಕ್ಕು ನನಗೆಲ್ಲಿ ಐತಿ.

ಆದ್ರೂ ಇಲಿಯಾಸಗ ಕೇಳಿದ್ದಕ್ಕ ಬೈತೇನಿ. ವರ್ಷದ ಹನ್ನೆರಡ ತಿಂಗಳ ನೆಗಡಿ ಅಂವಗ. ಮೂಗಿನಾಗ ಸುಗಂಧಕ್ಕಿಂತ ಕರವಸ್ತ್ರ ಜಾಸ್ತಿ.

ರುಹಿ ಅತ್ತರ ನಿನ್ನೆ ಶುರು ಮಾಡೇನಿ. ವಹಿ ಮುಚ್ಚಿ ಇಟ್ಟೇನಿ. ತಳಕ್ಕ ಹಸಿ ಮಣ್ಣಿನ ಅತ್ತರ, ಮ್ಯಾಲೆ ಮಲ್ಲಿಗಿ, ಎಲ್ಲಾ ಆದ ಮ್ಯಾಲೆ ಏನೋ ಒಂದ ಕಡಿಮಿ ಅನಸಾಕ ಹತ್ತಿತು. ಇವತ್ತ ಮುಂಜಾನೆ ಹೊಳೀತು: ಸಬ್ಬಸಗಿ. ನಗಬ್ಯಾಡ. ರುಹಿ ಸಣ್ಣಾಕಿ ಇದ್ದಾಗ ಸಿಂಗಟಾಲೂರಿನ ನಮ್ಮ ಚಾಚಿ ಹೊಲದಾಗ, ಹೊಳಿ ನೀರು ಬಂದ ಮಡ್ಯಾಗ, ಸಬ್ಬಸಗಿ ನಡುವ ಅಡಗಿ ಕುಂಡ್ರತಿದ್ಲು. ಹುಡುಕಿ ಎತ್ತಿಕೊಂಡ್ರ ಮೈಯೆಲ್ಲಾ ಅದ ಘಮ. ಒಂದ ಹನಿಯೊಳಗ ಕಾಲು ಹನಿ ಸಾಕು. ರುಹಿ "ಮದಲಗಿತ್ತಿ ಮೈ ಪಲ್ಲೆ ವಾಸನಿ ಬಂದ್ರ ಅಯ್ಯೂಬ ರೊಟ್ಟಿ ಹಿಡಕೊಂಡ ಬರತಾನ" ಅಂತ ಜಗಳಾ ಮಾಡಾಕ ಹತ್ತಿದ್ಲು. ಮೂಸಿದ ಮ್ಯಾಲೆ ತಾನ ಇನ್ನೊಂದ ಹನಿ ಹಚ್ಚಿಕೊಂಡ್ಲು.

ಆತು, ನಂದು ಮುಗೀತು. ಎಡ ಬಲ ತಿರಿವಿ ಹಾಕಿದ್ರ ನಿನ್ನ ಪೊರಿ ಏನ ಅಂತೈತಿ? ಅದನ್ನ ಒಂದ ಸಾಲೂ ಬರದಿಲ್ಲಲ್ಲ ನೀ!

ಜೈಬು


ಗದಗ-ಬೆಟಗೇರಿ
1 ಮಾರ್ಚ್ 2025

ಪ್ರಿಯ ಜೈಬು,

ನಿನ್ನ ಪತ್ರವನ್ನು ವಿಭಾಗದಲ್ಲಿ ನಿಂತುಕೊಂಡೇ ಓದಿದೆ. ನಾನು ಒಬ್ಬಳೇ ನಗುವುದನ್ನು ಕಂಡು ಮರಿಯವ್ವ ಕಸಬರಿಗೆ ಬಿಟ್ಟು ಬಂದಳು. ತಿರುಗಿ ಇಟ್ಟ ಕಟ್ಟಿಗೆಯ ಕಥೆ ಹೇಳಿದೆ. "ಅಷ್ಟೇ? ನಾ ಬಲಿ ಒರಸಿದಾಗ ಎಂಟ ದಿನ ಮಾತ ಬಿಟ್ಟಿದ್ರಿ, ಗೆಳತಿ ಮಾಡಿದ್ರ ನಗತೀರಿ" ಎಂದಳು.

ಪೊರೆಯ ವಿಷಯ. ತಿರುವಿ ಹಾಕಿದರೆ ಎಂಟಕ್ಕೆ ಎಂಟೂ ಸರಿ. ಆಚೆ ದಾಟಿದ್ದು ಸಬ್ಬಸಿಗೆ, ಈಚೆ ಉಳಿದದ್ದು ಪುದೀನಾ, ಗಂಟುಬಿದ್ದ ಏಳನೆಯದರಲ್ಲಿ ಕೂಡ ಅಷ್ಟಿಷ್ಟು. ಆದರೆ ಒಪ್ಪುವ ಉತ್ತರ ಬಂದಾಗಲೇ ನಾನು ಹೆಚ್ಚು ಅನುಮಾನಪಡಬೇಕು ಎಂದು ಈ ತಿಂಗಳು ಕಲಿತಿದ್ದೇನೆ. ತಪ್ಪನ್ನು ಆಮೇಲೆ ತಿರುವಿ ಸರಿ ಮಾಡಿದ್ದನ್ನು ಬರೆದು ಕಳಿಸಿದರೆ ಯಾರೂ ಒಪ್ಪಬಾರದು. ಎರಡನೆಯ ಪೆಟ್ಟಿಗೆ ಬೇಕು. ಇಲಿಯಾಸರಿಗೆ ಕ್ಷಮೆ ಕೇಳಿ ಬೇಡವೆಂದು ತಿಳಿಸಿದೆ. ಉತ್ತರದ ಕಾಗದದ ಮೇಲೆ ನೆಗಡಿಯ ಔಷಧದ ವಾಸನೆ ನನಗೂ ಬಂತು.

ಪ್ರಾಚಾರ್ಯ ಫಕೀರೇಶ ಸರ್ ಅವರಿಗೆ ನಿನ್ನ ಉತ್ತರಗಳನ್ನೂ ನನ್ನ ವಹಿಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಪೂರ್ತಿ ಓದಿದರು. "ಪೊರಿ ಆಮ್ಯಾಲೆ ನೋಡೂಣು, ಮೊದಲ ಹೇಳ್ರಿ, ಈ ಮೂಗು ಯಾರದು?" ಎಂದು ಕೇಳಿದರು. ಉತ್ತರಪತ್ರಿಕೆಗಳನ್ನು ಗ್ರಂಥಾಲಯದ ಮೇಲಿನ ಕೋಣೆಗೆ ಹಾಕಿಸುತ್ತಾರಂತೆ. ಉಗ್ರಾಣ ಜೂನ್‌ವರೆಗೆ ನನ್ನದು. ಸಂಶೋಧನಾ ಪ್ರಬಂಧ ಬರೆದಾಗ ಅದರಲ್ಲಿ ನಿನ್ನ ಹೆಸರು ಇರಬೇಕು ಎಂದು ನನಗೆ ಆಸೆ. ನೀನು ಒಪ್ಪಿದರೆ ಮಾತ್ರ. ಹನ್ನೊಂದು ತಿಂಗಳ ವಿಷಯ ಅದರಲ್ಲಿ ಇರುವುದಿಲ್ಲ. ಅದು ನಿನ್ನದು, ರುಹಿಯದು.

ರುಹಿಯ ಅತ್ತರಿಗೆ ಪೊರೆ ದಾಟಿದ ಸಬ್ಬಸಿಗೆಯ ಮೊದಲ ಹನಿಯನ್ನೇ ಕಳಿಸಬೇಕೆಂದು ತುಂಬ ಆಸೆಯಾಯಿತು. ಕಳಿಸುವುದಿಲ್ಲ. ಅದು ಪ್ರಯೋಗಶಾಲೆಯ ದ್ರವ, ಮದುಮಗಳ ಮಣಿಕಟ್ಟಿಗೆ ಹಚ್ಚುವುದಲ್ಲ. ಬದಲಿಗೆ ಮುಳಗುಂದದ ದಾರಿಯ ಹೊಲದವರಿಂದ ಈ ವರ್ಷದ ಸಬ್ಬಸಿಗೆ ಬೀಜ ಒಂದು ಸೇರು ತೆಗೆದಿಟ್ಟಿದ್ದೇನೆ. ಎಣ್ಣೆ ನೀನೇ ಇಳಿಸು.

ಎರಡನೆಯ ಪೆಟ್ಟಿಗೆಯನ್ನು ಮೂಕಪ್ಪನ ಕೈಯಲ್ಲಿ ಕಳಿಸುವುದಿಲ್ಲ. ಮಾರ್ಚ್ 9, ಭಾನುವಾರ, ಮುಂಜಾನೆಯ ಬಸ್ಸಿಗೆ ನಾನೇ ತರುತ್ತೇನೆ. ಶೀಶೆಗಳನ್ನು ಈ ಸಲ ಮರಿಯವ್ವ ಜೋಡಿಸುತ್ತಾಳೆ, ಯಾವುದು ಎಲ್ಲಿದೆ ಎಂದು ನನಗೂ ಗೊತ್ತಿರುವುದಿಲ್ಲ. ಆದ್ದರಿಂದ ನನ್ನ ಧ್ವನಿಗೆ ನೀನು ಹೆದರಬೇಕಾಗಿಲ್ಲ. ಅಷ್ಟರಲ್ಲಿ ರಂಜಾನಿನ ಉಪವಾಸ ಶುರುವಾಗಿರುತ್ತದೆ. ಮೂಸುವುದು ಯಾವ ಹೊತ್ತಿಗೆ ಎಂದು ನೀನೇ ಹೇಳು, ಸಂಜೆಯವರೆಗೂ ಕಾಯುತ್ತೇನೆ.

ಎಡ-ಬಲ ಎಂದು ಗುರುತು ಹಾಕಿದ ಹೊಸ ತುಂಡುಗಳನ್ನು ಮಾಡಿಸಬೇಕೆಂದು ಬಡಗಿಯ ಹತ್ತಿರ ಹೊರಟಿದ್ದೆ. ಅರ್ಧ ದಾರಿಯಿಂದ ಹಿಂದೆ ಬಂದೆ, ಹಳೆಯ ನಮೂನೆಯವೇ ಇನ್ನೂ ನನ್ನಲ್ಲಿವೆ. ನಲವತ್ತು ವರ್ಷದ ನಿನ್ನ ಕೈಯ ರೂಢಿಯನ್ನು ನಾನೇಕೆ ಬದಲಿಸಲಿ? ಪುಂಡಲೀಕಪ್ಪನವರಿಗೆ ಅವತ್ತೊಂದು ದಿನ ಬೇರೆ ಕಡೆ ಕೂರಲು ಹೇಳು. ನೀನು ಗಾದಿಯ ಮೇಲೆ ಕೂತು, ಅಂಕಿ ಗಿರಾಕಿಯ ಕಡೆಗೆ ಮಾಡಿ, ಎಂದಿನಂತೆ ಇಡು. ಸಬ್ಬಸಿಗೆ ಇರುವ ಶೀಶೆಯನ್ನು ಬೆರಳಿನಿಂದ ಮುಟ್ಟು, ಸಾಕು. ಎದುರಿನ ಖುರ್ಚಿಯಲ್ಲಿ ನಾನಿರುತ್ತೇನೆ. ಬರೆದುಕೊಳ್ಳುತ್ತೇನೆ.

ನಿನ್ನ,
ವಿದ್ಯಾ

ಇವತ್ತು ಶನಿವಾರ, ಅಂಚೆಯ ಹೊತ್ತು ಮೀರಿದೆ. ಇದನ್ನು ಸೋಮವಾರ, ಮಾರ್ಚ್ 3ರಂದು ಅಂಚೆಗೆ ಹಾಕುತ್ತೇನೆ.